ಗಿರಣಿ ಅವ್ವಾರು ವಾಪಸ್ ಕಳಿಸಿದ ಹತ್ತಿ

ಅವರ ಹತ್ತೂ ಬೆರಳುಗಳ ತುದಿಯಲ್ಲಿ, ಉಗುರಿನ ಸುತ್ತ, ಬಿಳಿ ದಾರದ ಎಳೆ ಅಂಟಿದಂತೆ ಸಣ್ಣ ಸಣ್ಣ ಗಾಯದ ಗುರುತುಗಳಿದ್ದವು. ರಾಯಚೂರಿನ ಹತ್ತಿ ಗಿರಣಿಯೊಂದರ ಒಡತಿ ಅವರು. ಅಂಗಳದಲ್ಲಿ ಜೀಪಿತ್ತು, ಕೈ ಕೆಳಗೆ ನಲವತ್ತು ಜನ ಆಳುಗಳಿದ್ದರು. ಆದರೆ ಕೈ ನೋಡಿದರೆ ಯಾವುದೋ ಹೊಲದಿಂದ ಈಗಷ್ಟೇ ಬಂದ ಕೂಲಿಯ ಹೆಣ್ಣುಮಗಳು ಅನ್ನಬೇಕು. ಒಡೆದ ಹತ್ತಿಕಾಯಿಯ ಒಣಗಿದ ಸಿಪ್ಪೆ ಸೂಜಿಯಷ್ಟು ಚೂಪು. ಅರಳೆ ಬಿಡಿಸುವಾಗ ಅದು ಚುಚ್ಚುತ್ತದೆ, ಚುಚ್ಚಿದ ಜಾಗದಲ್ಲೇ ನಾಳೆ ಮತ್ತೆ ಚುಚ್ಚುತ್ತದೆ. ಮಾನ್ವಿ ಕಡೆಯ ಸಣ್ಣ ಒಕ್ಕಲಿನ ಮನೆಯಲ್ಲಿ ಹುಟ್ಟಿ, ಮದುವೆಯಾಗುವ ತನಕ ಊರವರ ಹೊಲಗಳಲ್ಲಿ ಹತ್ತಿ ಬಿಡಿಸಿದವರು ಅವರು. ಗಂಡ ತೀರಿಕೊಂಡ ಮೇಲೆ ಗಿರಣಿ ಅವರ ಪಾಲಿಗೆ ಬಂತು. ಊರೆಲ್ಲ ಅವರನ್ನು ಗಿರಣಿ ಅವ್ವಾರು ಎಂದೇ ಕರೆಯುತ್ತಿತ್ತು.

ನಾನು ಕೆಲಸ ಕೇಳಿಕೊಂಡು ಹೋದದ್ದು ಎಪ್ಪತ್ತರ ದಶಕದ ನಡುವಿನಲ್ಲಿ. ರಾಯಚೂರಿನ ಹತ್ತಿರದ ಚಂದ್ರಬಂಡದ ಕೂಲಿಯವರ ಮನೆಯಿಂದ ಮೆಟ್ರಿಕ್ ಪಾಸಾದ ಮೊದಲನೆಯವನು ನಾನು. ಆ ಗತ್ತು ಎಷ್ಟಿತ್ತೆಂದರೆ, ಗೆಳೆಯನಿಂದ ಕಡ ತಂದ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿದ್ದೆ. ಅವ್ವಾರು ಗೇಟಿನ ಹತ್ತಿರ ಬೇವಿನ ಗಿಡದ ಕೆಳಗೆ ಸ್ಟೂಲಿನ ಮೇಲೆ ಕುಳಿತಿದ್ದರು. ಸರ್ಟಿಫಿಕೇಟು ಚಾಚಿದರೆ ಅದನ್ನು ನೋಡಲೇ ಇಲ್ಲ.

"ಹತ್ತಿ ಬಿಡಿಸೀಯೇನು?"

"ಇಲ್ರೀ. ನಾ ಓದಿದಾವ," ಅಂದೆ.

ಅವರು ನನ್ನ ಕೈ ಹಿಡಿದು ಮಗುಚಿ ನೋಡಿ ಗೊಳ್ಳನೆ ನಕ್ಕರು. "ಸುಳ್ಳು ಹೇಳಬ್ಯಾಡಲೇ. ಈ ಕೈ ನಂಗ ಗುರ್ತದ. ನಾಳಿ ಮುಂಜಾನಿ ಬಾ. ಆ ಅಂಗಿ ಯಾರದೋ ಏನೋ, ಅವರಿಗೆ ಕೊಟ್ಟು ಬಾ."

ನಾಚಿಕೆಯಿಂದ ಸತ್ತೆನೆಂದೇ ಅಂದುಕೊಂಡೆ. ಕೆಲಸವಂತೂ ಸಿಕ್ಕಿತು. ಖರೀದಿ ಗುಮಾಸ್ತ ಎಂದು ಹೆಸರು.

ಉಳಿದ ಗಿರಣಿಗಳಲ್ಲಿ ಹತ್ತಿ ಬಂದರೆ ಮೊದಲು ಅರಳೆಯ ಎಳೆ ಜಗ್ಗಿ ನೋಡುತ್ತಿದ್ದರು, ಆಮೇಲೆ ಹಸಿ ಅದೆ, ಕಸ ಅದೆ ಎಂದು ಚೌಕಾಶಿ. ಅವ್ವಾರ ಗಿರಣಿಯಲ್ಲಿ ಕ್ರಮವೇ ಬೇರೆ. ಹತ್ತಿಯ ಜೊತೆ ಅದನ್ನು ಬಿಡಿಸಿದ ಒಬ್ಬರಾದರೂ ಬರಬೇಕು. ಬಂದವರು ಮೊದಲು ಉಣ್ಣಬೇಕು. ಗೋದಾಮಿನ ಪಡಸಾಲೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಅವ್ವಾರೂ ಅವರ ಜೊತೆ ಕೂತು ಮುರಿದು ತಿನ್ನುತ್ತ, "ಇದನ್ನ ಬಿಡಿಸಿದೋರು ಎಷ್ಟು ಮಂದಿಯಬೇ? ಕೂಲಿ ಕೈಗಿ ಬಂತೇನು? ನೀರು ಯಾರು ತಂದುಕೊಟ್ರು?" ಎಂದು ಮಾತಿಗೆ ಮಾತು ಪೋಣಿಸುತ್ತ ಹೋಗುವರು. ಉಂಡವರು ಕೈ ತೊಳೆಯುವಷ್ಟರಲ್ಲಿ ಆ ಹೊಲದ ಜಾತಕವೇ ಅವರ ಕೈಯಲ್ಲಿರುತ್ತಿತ್ತು. ಅದು ಸರಿ ಕಂಡರೆ ಮಾತ್ರ ಹತ್ತಿ ಇಳಿಸುವುದು. ತೂಕದಲ್ಲಿ ಮೋಸವಿಲ್ಲ, ಹಣ ಅಂದೇ ಕೈಗೆ. ಅದಕ್ಕೇ ಗೊಣಗುತ್ತಲಾದರೂ ಒಕ್ಕಲುತನದವರು ಅವರ ಗಿರಣಿಗೇ ಬರುತ್ತಿದ್ದರು.

ಅರಳೆ ಕೊಳ್ಳುವ ದೊಡ್ಡ ಬಟ್ಟೆ ಗಿರಣಿಯ ಏಜೆಂಟನೊಬ್ಬ ದೂರದ ಊರಿಂದ ಬರುತ್ತಿದ್ದ. ಅವನಿಗೆ ಇದೆಲ್ಲ ತಮಾಷೆ. "ಅವ್ವಾರ, ನಮ್ಮ ಸೇಠ್‌ಗೋಳು ಎಳಿ ಉದ್ದ ಅದ ಇಲ್ಲ ಅಷ್ಟ ಕೇಳ್ತಾರ. ಇದನ್ನೆಲ್ಲ ಯಾರು ಕೇಳ್ತಾರ್ರೀ?" ಅಂದ.

"ನಾ ಕೇಳ್ತೀನಲ್ಲ, ಸಾಲದೇನು?" ಅಂದರು ಅವ್ವಾರು.

ಮಾನ್ವಿಯ ವ್ಯಾಪಾರಿಯೊಬ್ಬ ಈ ಪರೀಕ್ಷೆ ಪಾಸು ಮಾಡಲು ಒಂದು ಉಪಾಯ ಹೂಡಿದ. ಇಬ್ಬರು ಹೆಂಗಸರಿಗೆ ತಲೆಗೆ ಎಣ್ಣೆ ಹಚ್ಚಿ, ಹೊಸ ಸೀರೆ ಉಡಿಸಿ ಕರೆತಂದ. ಅವರು ಗಿಳಿಪಾಠ ಒಪ್ಪಿಸಿದರು: ಕೂಲಿ ಬಂದದ, ನೀರು ಬಂದದ, ಸಾಹುಕಾರ್ರು ದೇವರಂಥೋರು. ಅವ್ವಾರು ರೊಟ್ಟಿ ಕೊಡುವ ನೆಪದಲ್ಲಿ ಒಬ್ಬಾಕೆಯ ಕೈ ಹಿಡಿದರು. ಮೆತ್ತಗೆ, ನುಣ್ಣಗೆ. "ಯವ್ವಾ, ಇದು ಹತ್ತಿ ಬಿಡಿಸಿದ ಕೈ ಅಲ್ಲ, ಎಲಿ ಅಡಿಕಿ ಮಡಿಚಿದ ಕೈ. ಯಾರ ಮನಿಯಾಕಿ ನೀ?" ಆಕೆ ಥಟ್ಟನೆ, "ಸಾಹುಕಾರ್ರ ನಾದಿನಿ ರೀ," ಅಂದುಬಿಟ್ಟಳು. ಪಡಸಾಲೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಅವ್ವಾರು ಅವರಿಗೆ ಹೊಟ್ಟೆ ತುಂಬ ಉಣಿಸಿ, ಹತ್ತಿ ಮಾತ್ರ ಮುಟ್ಟದೆ ಕಳಿಸಿದರು. ಮುಂದಿನ ವಾರ ವ್ಯಾಪಾರಿ ನಿಜವಾದ ಕೂಲಿಯವರನ್ನೇ ಕರೆದುಕೊಂಡು ಬಂದ.

ಇಷ್ಟೆಲ್ಲ ನೋಡಿ ನೋಡಿ ನನಗೂ ಎಲ್ಲ ಬಂತು ಅಂದುಕೊಂಡೆ. ಅಲ್ಲೇ ನಾನು ಕೆಟ್ಟದ್ದು.

ಜೀತ ರದ್ದಾಗಿದೆ ಎಂದು ರೇಡಿಯೋದಲ್ಲಿ ಹೇಳುತ್ತಿದ್ದ ಕಾಲ. ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯ ಆಚೆಯ ಊರಿನ ಗೌಡರೊಬ್ಬರಿಂದ ಲಾರಿಯಲ್ಲಿ ಹತ್ತಿ ಬಂತು. ಚೀಲಗಳ ಮೇಲೆ ಕೂತು ಬಂದಿದ್ದ ಆಳು ಕೆಳಗಿಳಿದ. ಊಟಕ್ಕೆ ಕರೆದರೆ ಕೂಡಲಿಲ್ಲ. ಡ್ರೈವರನ ಮುಖ ನೋಡುತ್ತ ನಿಂತೇ ಇದ್ದ. ಡ್ರೈವರ ಬೀಡಿ ಹಚ್ಚುತ್ತ, "ಅವ ಗೌಡ್ರ ಮನಿ ಜೀತದಾಳು. ಯಾರರ ಹೇಳದ ಉಣ್ಣಂಗಿಲ್ಲ ಬಿಡ್ರಿ," ಅಂದ.

ನನ್ನ ತಾತ ಜೀತದಲ್ಲೇ ಸತ್ತವನು. ತಲೆಗೆ ರಕ್ತ ಏರಿತು. ಅವ್ವಾರು ಒಳಗೆ ಏಜೆಂಟನ ಜೊತೆ ಮಾತಿನಲ್ಲಿದ್ದರು. ಓಡಿ ಹೋಗಿ ಹೇಳಿದೆ.

"ಖರೇನಾ? ಅವನ್ನ ಕುಂದ್ರಿಸಿ ಪೂರಾ ವಿಚಾರ ಮಾಡೀಯೇನು?"

"ಎಲ್ಲಾ ಮಾಡೀನ್ರಿ ಅವ್ವಾರ."

"ಹಂಗಾರ ನಮ್ಗ ಬ್ಯಾಡ. ಕಳಿಸು."

ನಾನು ಮಾಡಿದ ವಿಚಾರಣೆ ಅಂದರೆ ಡ್ರೈವರನ ಆ ಒಂದು ಮಾತು ಕೇಳಿದ್ದು, ಅಷ್ಟೇ. ಆ ಮನುಷ್ಯನನ್ನು ನಾನು ಏನೂ ಕೇಳಿರಲಿಲ್ಲ. ಗೇಟಿನಲ್ಲಿ ನಿಂತು, ಬೀದಿಗೆಲ್ಲ ಕೇಳುವಂತೆ, "ಜೀತದ ಹತ್ತಿ ನಮ್ಗ ಬ್ಯಾಡ! ಹೋಗಿ ನಿಮ್ಮ ಗೌಡಗ ಹೇಳು!" ಎಂದು ಒದರಿದೆ. ಲಾರಿ ತಿರುಗಿತು. ಆ ದಿನವೆಲ್ಲ ನಾನು ನೆಲದಿಂದ ಗೇಣು ಮೇಲೆ ನಡೆದೆ. ಚಂದ್ರಬಂಡಕ್ಕೆ ಹೋಗಿ ಹೆತ್ತವ್ವನ ಮುಂದೆಯೂ ಕೊಚ್ಚಿಕೊಂಡೆ.

ಇಪ್ಪತ್ತು ದಿನ ಕಳೆದಿರಬೇಕು. ದೇವದುರ್ಗದ ಬಸ್ಸಿಳಿದು ಒಬ್ಬ ಹೆಂಗಸು ಗಿರಣಿ ಕೇಳಿಕೊಂಡು ಬಂದಳು. ಅವ್ವಾರು, "ಬಾರಬೇ, ಕೂಡ್ರು, ಮೊದಲ ಉಣ್ಣು," ಅಂದರು.

"ಉಣ್ಣಾಕ ಬಂದಿಲ್ರೀ ಯವ್ವಾ, ಕೇಳಾಕ ಬಂದೀನಿ," ಅಂದಳು ಆಕೆ. "ಹತ್ತಿ ಲಾರಿ ಮ್ಯಾಲ ಬಂದಿದ್ದಾವ ನನ್ನ ಗಂಡ. ನೀವು ಗೌಡನ ಹತ್ತಿ ಬ್ಯಾಡಂದ್ರಿ. ಗೌಡಗ ಏನಾತು? ಬ್ಯಾರೆ ಕಡಿ ಅಗ್ಗಕ್ಕ ಮಾರಿ ಬಂದ. ಗಿರಣಿಯಾಗ ನೀನ ಚಾಡಿ ಹೇಳೀದಿ ಅಂತ ನನ್ನ ಗಂಡನ್ನ ಹೊಡದ. ಅಮಾಸಿ ಒಳಗ ಗುಡಿಸಲ ಕಿತಗೊಂಡು ಊರು ಬಿಡ್ರಿ ಅಂದಾನ. ಅವನ ಮಾತು ಕೇಳಿ ಊರಾಗ ಯಾರೂ ಕೂಲಿಗಿ ಕರ್ಯಾಂಗಿಲ್ಲ. ಅಮಾಸಿಗಿ ನಾಕ ದಿನ ಅದ. ನಾವು ಎಲ್ಲಿಗಿ ಹೋಗಬೇಕ್ರೀ?"

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವ್ವಾರು ನನ್ನ ಕಡೆ ತಿರುಗಿದರು. "ಎಲ್ಲಾ ವಿಚಾರ ಮಾಡೀನಿ ಅಂದಿದ್ದಿ."

ನಾನು ತಲೆ ತಗ್ಗಿಸಿದೆ.

"ನೀ ಹೇಳಿದಿ, ನಾ ಹೂಂ ಅಂದೆ. ನಾವು ಚಂದಾಗಿ ಕೈ ತೊಳಕೊಂಡ್ವಿ. ಆ ಕೊಳಿ ನೀರು ಯಾರ ಮ್ಯಾಲ ಬಿತ್ತು ನೋಡು." ಅಷ್ಟು ಹೇಳಿ ಜೀಪಿನವನನ್ನು ಕೂಗಿದರು.

ದಾರಿಯುದ್ದಕ್ಕೂ ಅವರು ಆ ಹೆಂಗಸಿನ ಜೊತೆ ಮಾತಾಡಿದರು, ನನ್ನ ಜೊತೆ ಇಲ್ಲ. ಸಂಜೆಯ ಹೊತ್ತಿಗೆ ಗೌಡರ ಕಟ್ಟೆ ಮುಟ್ಟಿದೆವು. ಮನೆಯ ಒಂದು ಕೋಣೆಯ ತುಂಬ ಕಡೆಯ ಸಲ ಬಿಡಿಸಿದ ಹತ್ತಿ ಬಿದ್ದಿತ್ತು. ಮತ್ತೆ ಅಗ್ಗಕ್ಕೆ ಮಾರಲು ಗೌಡರಿಗೆ ಮನಸ್ಸಿಲ್ಲ.

"ಲಾರಿ ತಿರುಗಿಸಿದ್ದು ನಾನು," ಅಂದರು ಅವ್ವಾರು ಕೂಡುತ್ತಲೇ. ನಾನು ಬಾಯಿ ತೆರೆಯಬೇಕಿತ್ತು. ತೆರೆಯಲಿಲ್ಲ. ಬದುಕಿದೆ ಎಂದು ಒಳಗೊಳಗೇ ಅಂದುಕೊಂಡೆ, ಅಂಥ ಹೇಡಿ ನಾನು. ಅವ್ವಾರೇ ಮುಂದುವರಿಸಿದರು: "ನಿಮ್ಮ ಆಳು ನಮ್ಮ ಮುಂದ ಒಂದು ಮಾತು ಆಡಿಲ್ಲ. ಅವನ್ನ ಹೊಡದದ್ದು ತಪ್ಪು. ಈಗ ಈ ಹತ್ತಿ ತಗೊಳ್ಳಾಕ ಬಂದೀನಿ. ಬರೋ ವರ್ಷದ್ದೂ ತಗೊಳ್ತೀನಿ. ಆದ್ರ ಆಳನ್ನ ಜೀತದಿಂದ ಬಿಟ್ಟುಬಿಡ್ರಿ."

ಗೌಡರು ಮೀಸೆ ತಿರುವಿದರು. "ಅವ್ವಾರ, ನಿಮ್ಗ ನನ್ನ ಹತ್ತಿ ಬೇಕೋ, ನನ್ನ ಮನಿ ಕಾರಭಾರ ಬೇಕೋ?"

"ಅವೆರಡೂ ಬ್ಯಾರೆ ಅಲ್ರೀ ಗೌಡ್ರ. ಹತ್ತಿ ನನ್ನ ಗಿರಣಿಗಿ ಬಂದ್ರ ಅದರ ಕೂಡ ನಿಮ್ಮ ಕಾರಭಾರನೂ ಬರ್ತದ. ಕಾಯ್ದೆ ಬಂದದ, ನಿಮ್ಗೂ ಗೊತ್ತದ. ದೇವದುರ್ಗದಾಗ ತಹಶೀಲ್ದಾರ್ ಕಚೇರಿ ಮುಂದ ಹಾದು ಬಂದೆ. ಜೀಪು ನಿಲ್ಲಿಸಲಿಲ್ಲ, ಸೀದಾ ನಿಮ್ಮ ಮನಿಗಿ ಬಂದೀನಿ."

ಮೀಸೆ ತಿರುವುತ್ತಿದ್ದ ಗೌಡರ ಕೈ ಕೆಳಗಿಳಿಯಿತು. ಅವ್ವಾರು ಆ ಆಳನ್ನು ಕರೆಸಿದರು. ಅವನು ಕಂಬದ ಮರೆಯಲ್ಲಿ ನಿಂತ.

"ನಿಂಗೇನು ಬೇಕಪ್ಪಾ? ರಾಯಚೂರಿಗಿ ಬರ್ತೀಯಾ? ಗಿರಣ್ಯಾಗ ಕೆಲಸ ಅದ."

ಅವನು ಹೆಂಡತಿಯ ಕಡೆ ನೋಡಿದ. ಆಮೇಲೆ ಅಂದ, "ಊರು ಬಿಡಾಕ ಮನಸ್ಸಿಲ್ರೀ ಯವ್ವಾ. ದುಡೀತೀನಿ. ರಾತ್ರಿ ದನದ ಕೊಟ್ಟಿಗ್ಯಾಗ ಮಲಗೋದು ಸಾಕಾಗ್ಯದ. ಸಂಜಿಕ ನನ್ನ ಮನಿಗಿ ಹೋಗಬೇಕ್ರೀ. ಅಷ್ಟ."

ಲಾರಿಯ ಹತ್ತಿರ ಒಂದು ಸಲ ಕೇಳಿದ್ದರೆ ನನಗೂ ಇದನ್ನೇ ಹೇಳುತ್ತಿದ್ದ.

"ಮತ್ತ ರಾತ್ರಿ ದನ ನೋಡಾವ್ರು ಯಾರು?" ಅಂದರು ಗೌಡರು.

"ದನ ನಿಮ್ಮವು. ನೀವ ನೋಡ್ರಿ," ಅಂದರು ಅವ್ವಾರು. ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು ಕಿಸಕ್ಕನೆ ನಕ್ಕರು. ನಗು ಹಬ್ಬಿತು. ಗೌಡರಿಗೂ ತುಟಿ ಬಿಗಿಹಿಡಿಯಲು ಆಗಲಿಲ್ಲ. ಆ ನಗುವಿನಲ್ಲೇ ಹಗ್ಗ ಸಡಿಲವಾಯಿತು. ಜೀತದ ಹಳೆಯ ಕಾಗದ ಹೊರಗೆ ಬಂತು, ಎಲ್ಲರೆದುರು ಹರಿದು ಚೂರಾಯಿತು. ಗುಡಿಸಲು ಇದ್ದಲ್ಲೇ ಇರುವುದು, ದಿನದ ಕೆಲಸಕ್ಕೆ ದಿನದ ಕೂಲಿ, ಬೇಡವಾದರೆ ಬೇರೆಯವರ ಹೊಲಕ್ಕೂ ಹೋಗಬಹುದು. ಬಿಡಿಸಿದ ಹತ್ತಿಯನ್ನು ಹೊಲದ ಬದುವಿನಲ್ಲೇ, ಬಿಡಿಸಿದವರ ಕಣ್ಣೆದುರೇ, ಗಿರಣಿಯ ತಕ್ಕಡಿಯಲ್ಲಿ ತೂಗುವುದು.

"ತೂಗಾವ್ರು ಯಾರು?" ಅಂದರು ಗೌಡರು.

ಅವ್ವಾರು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು. "ಇವ. ದನಿ ದೊಡ್ಡದದ, ತೂಕ ಕೂಗಾಕ ಆಗ್ತದ."

ಹೊರಡುವ ಮುಂಚೆ ಅವ್ವಾರು ಆ ಗುಡಿಸಲ ಹೊಸ್ತಿಲ ಮೇಲೆ ಕೂತು ಗಂಡ ಹೆಂಡತಿಯ ಜೊತೆ ಏನೋ ಮಾತಾಡಿದರು. ನಾನು ಜೀಪಿನಲ್ಲೇ ಇದ್ದೆ. ಮುಖ ತೋರಿಸಲು ಧೈರ್ಯವಿರಲಿಲ್ಲ.

ಮುಂದೆ ಪ್ರತಿ ಹತ್ತಿ ಬಿಡಿಸುವ ಕಾಲದಲ್ಲೂ ನಾನು ತಕ್ಕಡಿ ಹೊತ್ತು ತಿರುಗಿದೆ. ಜಾಲಹಳ್ಳಿ ಕಡೆ ಶುರುವಾದದ್ದು ಸಿರವಾರಕ್ಕೂ ಮಾನ್ವಿಗೂ ಹಬ್ಬಿತು. ಎಲ್ಲ ಕಡೆ ಗೆದ್ದೆವು ಎಂದರೆ ಸುಳ್ಳಾಗುತ್ತದೆ. ಕೆಲವರು ನಮಗೆ ಹತ್ತಿ ಕೊಡುವುದನ್ನೇ ಬಿಟ್ಟರು. ಎಲ್ಲಾದರೂ ತಪ್ಪು ಕಂಡು ನಾನು ಉರಿದು ಬಂದರೆ ಅವ್ವಾರು, "ಬಿಡೋದು ಕಡೀ ಮಾತು. ಮೊದಲ ಅಲ್ಲಿ ದುಡಿಯೋರನ್ನ ಕೇಳಿ ಬಾ," ಎಂದು ಮತ್ತೆ ಅಟ್ಟುವರು. ಕೇಳಿ ಬಂದ ಮೇಲೆಯೂ ಸರಿಹೋಗದ ಇಬ್ಬರ ಹತ್ತಿಯನ್ನು ಬಿಟ್ಟದ್ದೂ ಉಂಟು. ಆ ಊರುಗಳ ಕೂಲಿಯವರಿಗೆ ಮೊದಲು ಬೇರೆ ಹೊಲ ಹುಡುಕಿಕೊಟ್ಟೇ ಬಿಟ್ಟೆವು. ಸಿಟ್ಟು ಬಂದರೆ ಅವ್ವಾರು ನನ್ನ ಮೇಲೆ ಬೈಗುಳದ ಮಳೆ ಸುರಿಸುತ್ತಿದ್ದರು. ಸಂಜೆಗೆ ಅವರೇ ಚಹಾ ಕಳಿಸುವರು. ಅವರ ಕೈ ಕೆಳಗೆ ಕಳೆದ ವರ್ಷಗಳು ನನ್ನ ಬದುಕಿನ ಸುಖದ ವರ್ಷಗಳು.

ಎಂಬತ್ತರ ದಶಕದ ಕೊನೆಯ ಬೇಸಿಗೆಯೊಂದರಲ್ಲಿ ಅವ್ವಾರು ನಾಲ್ಕು ದಿನದ ಜ್ವರಕ್ಕೆ ಹೋಗಿಬಿಟ್ಟರು. ಸುದ್ದಿ ಹೇಳಲು ನಾನೇ ಜಾಲಹಳ್ಳಿ ಕಡೆ ಹೋದೆ. ಹತ್ತು ಹನ್ನೆರಡು ವರ್ಷದಿಂದ ಆ ಕಡೆ ಹೋದಾಗಲೆಲ್ಲ ನನ್ನ ಊಟ ಆ ಗಂಡ ಹೆಂಡತಿಯ ಮನೆಯಲ್ಲೇ. ಗುಡಿಸಲಿದ್ದಲ್ಲಿ ಈಗ ಮಣ್ಣಿನ ಗೋಡೆಯ ಗಟ್ಟಿ ಮನೆ ಎದ್ದಿತ್ತು. ಮೂವರೂ ಕೂತು ಅತ್ತೆವು. ಅತ್ತು ಮುಗಿದ ಮೇಲೆ ನನ್ನ ಹೊಟ್ಟೆಯೊಳಗಿದ್ದದ್ದು ತಡೆಯದೆ ಹೊರಗೆ ಬಂತು.

"ಯಕ್ಕಾ, ಅವತ್ತು ಲಾರಿ ತಿರುಗಿಸಿದ್ದು ಅವ್ವಾರಲ್ಲ. ನಾನು. ಯಾರನ್ನೂ ಕೇಳದ ಸುಳ್ಳು ಹೇಳಿದ್ದೆ."

ಆಕೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಲಿಲ್ಲ. "ಗೊತ್ತದ," ಅಂದಳು.

"ಯಾವಾಗಿಂದ?"

"ಅವತ್ತಿಂದ. ಗೇಟಿನಾಗ ನೀ ಒದರಿದ್ದು ಇವರಿಗಿ ಕೇಳಲಿಲ್ಲೇನು?" ಅವಳ ಗಂಡ ತಲೆ ತಗ್ಗಿಸಿ ನಗುತ್ತಿದ್ದ.

"ಮತ್ತ ಒಂದಿನಾನೂ ಯಾಕ ಬೈಲಿಲ್ಲ?"

"ಬೈಬೇಕಂತನ ಇದ್ದೆ. ಹೊಸ್ತಿಲ ಮ್ಯಾಲ ಕೂತು ಅವ್ವಾರು ನನ್ನ ಕೈ ಹಿಡಕೊಂಡ್ರು. 'ಹುಡುಗ ಕೆಟ್ಟಾವಲ್ಲಬೇ, ಅವಸರದಾವ. ಅವನ್ನ ನಿಮ್ಮ ಕೈಗಿ ಕೊಡ್ತೀನಿ, ಸ್ವಲ್ಪ ತಿದ್ರಿ' ಅಂದ್ರು. ತಿದ್ದಾಕತ್ತೀವಿ."

ಆ ಗುಡಿಸಲನ್ನು ಉಳಿಸಿದವರಲ್ಲಿ ನಾನೂ ಒಬ್ಬ, ಹತ್ತು ಹನ್ನೆರಡು ವರ್ಷದಿಂದ ತಕ್ಕಡಿ ಹಿಡಿದು ಇವರನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಅವ್ವಾರು ನನ್ನನ್ನೇ ಇವರ ಕೈಗೆ ಒಪ್ಪಿಸಿ ಹೋಗಿದ್ದರು.