ನಕಾಶೆಯಲ್ಲಿ ಉಳಿದ ದಿಬ್ಬ

ನಿನ್ನೆ ಟ್ರಂಕಿನಿಂದ ಹಳೆಯ ನಕಾಶೆಯೊಂದನ್ನು ತೆಗೆದು ಬಿಚ್ಚಿದೆ. ಮಡಿಕೆಗಳಿಂದ ಒಣಗಿದ ಎರೆಮಣ್ಣು ಚಿಟಿಕೆಯಷ್ಟು ಉದುರಿತು. ಹಿಂದೆಯೇ ಕೊಳೆತ ಕಬ್ಬಿನ ವಾಸನೆ. ನೀವು ಹೊಳೆಸಾಲಿನವರಾಗಿದ್ದರೆ ಅದನ್ನು ವಿವರಿಸಬೇಕಾಗಿಲ್ಲ. ನೆರೆ ಇಳಿದ ಮೇಲೂ ಎಷ್ಟೋ ದಿನ ಅದು ಕೃಷ್ಣೆಯ ದಂಡೆಯ ಊರುಗಳನ್ನು ಬಿಟ್ಟು ಹೋಗುವುದಿಲ್ಲ.

ಅಥಣಿಯಲ್ಲಿ ಕಾಲೇಜು ಓದುವಾಗ ಭೂಗೋಳದ ಪಾಠಕ್ಕೆಂದು ತರಿಸಿಕೊಂಡ ನಕಾಶೆ ಇದು. ಮೈತುಂಬ ಕಂದು ಬಣ್ಣದ ಸಣ್ಣ ಗೆರೆಗಳು, ಸಮೋನ್ನತಿ ರೇಖೆಗಳು. ಒಂದೇ ಗೆರೆಯ ಮೇಲೆ ಬೆರಳಿಟ್ಟು ಎಷ್ಟು ದೂರ ಹೋದರೂ ಎತ್ತರ ಬದಲಾಗುವುದಿಲ್ಲ. ಗೆರೆಗಳು ಒತ್ತಾಗಿದ್ದರೆ ಕಡಿದಾದ ಏರು, ದೂರವಿದ್ದರೆ ಬಯಲು. ನಿಪ್ಪಾಣಿ ಕಡೆಯ ಹಾಳೆಯಲ್ಲಿ ಅವು ಒಂದನ್ನೊಂದು ತಳ್ಳಾಡುತ್ತವೆ; ನಮ್ಮ ಕಡೆ ಜಗಳವಾಡಿಕೊಂಡ ದಾಯಾದಿಗಳಂತೆ ದೂರ ದೂರ. ಈ ವಿದ್ಯೆ ಬಂದ ಹೊಸದರಲ್ಲಿ ನನ್ನ ಜಂಬ ಹೇಳತೀರದು. ಬಸ್ಸು ಚಿಕ್ಕೋಡಿಯ ಏರು ಹತ್ತುವಾಗ ಪಕ್ಕದವರಿಗೆ, ನಾವೀಗ ಸಮುದ್ರಮಟ್ಟಕ್ಕಿಂತ ಎಷ್ಟು ಮೀಟರು ಮೇಲಿದ್ದೇವೆಂದು ಕೇಳದೆಯೇ ಹೇಳುತ್ತಿದ್ದೆ. ಅವರು ಗಾಬರಿಯಿಂದ ತಮ್ಮ ಟಿಕೀಟು ತೆಗೆದು ನೋಡಿಕೊಳ್ಳುತ್ತಿದ್ದರು.

ನನ್ನ ಚಿಗವ್ವ, ಅಂದರೆ ಅವ್ವನ ತಂಗಿ, ಹೊಳೆಯ ಸಮೀಪದ ತೋಟದ ಮನೆಯಲ್ಲಿ ಆಗ ಮೂರು ಎಮ್ಮೆ ಕಟ್ಟಿದ್ದಳು; ಅದರಲ್ಲೊಂದು ಗಬ್ಬ. ನೆರೆ ಬಂದ ದಿನ ಮುಂಜಾನೆ ನಾನು ಅಲ್ಲೇ ಇದ್ದೆ. ಊರಿನ ದಾರಿಯಲ್ಲಿ ಮೊಣಕಾಲಿನವರೆಗೆ ನೀರು, ಆದರೂ ದಾಟಬಹುದಿತ್ತು. ಚಿಗವ್ವ ಎಮ್ಮೆಗಳನ್ನು ಆ ಕಡೆಗೇ ತಿರುಗಿಸಿದ್ದಳು. ನಾನು ಅವಳನ್ನು ತಡೆದು, ಹೊರಸಿನ ಮೇಲೆ ನಕಾಶೆ ಹಾಸಿ, ಮನೆಯ ಹಿಂದಿನ ಹೊಲಗಳ ನಡುವೆ ಉಂಗುರದಂತಿದ್ದ ಗೆರೆಯನ್ನು ತೋರಿಸಿದೆ.

"ಇದು ದಿಬ್ಬ ಚಿಗವ್ವ. ಐದುನೂರಾ ನಲವತ್ತು ಮೀಟರ್ ಮ್ಯಾಲ ಐತಿ. ನೀರು ಇಲ್ಲೀತನಕ ಬರೂದಿಲ್ಲ."

ಅವಳು ಗೆರೆಯನ್ನಲ್ಲ, ನನ್ನನ್ನು ನೋಡಿದಳು. "ಖರೇನ ಬೇ?"

"ಅಳದು ತಗದಾರ. ಸುಳ್ಳಾಗತೈತೇನು?"

ಚಿಗವ್ವ ಎಮ್ಮೆಗಳನ್ನು ಮನೆಯ ಹಿಂದಿನ ಕಬ್ಬಿನ ಕಡೆ ತಿರುಗಿಸಿದಳು. ನೆರೆಯ ದಿನಗಳಲ್ಲಿ ಕಬ್ಬು ಆಳೆತ್ತರ ಮೀರಿರುತ್ತದೆ. ಒಳಗೆ ನಡೆಯುವವರಿಗೆ ಮುಂದಿನ ನೆಲ ಏರಿದೆಯೋ ಇಳಿದಿದೆಯೋ ಕಾಣದು. ಮಡಚಿದ ನಕಾಶೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಪಾದದ ಕೆಳಗೆ ಏರು ಸಿಗಲೆಂದು ಕಾಯುತ್ತ ನಡೆದೆ. ಸಿಗಲಿಲ್ಲ. ನೀರು ತೊಡೆಗೆ ಬಂತು, ಸೊಂಟಕ್ಕೆ ಬಂತು, ಕೊನೆಗೆ ಕಾಲಿಗೆ ನೆಲವೇ ತಾಕಲಿಲ್ಲ. ದಿಬ್ಬದ ಮಣ್ಣು ಎಂದೋ ಇಟ್ಟಂಗಿ ಭಟ್ಟಿಗಳಿಗೆ ಹೋಗಿತ್ತು. ಉಳಿದದ್ದನ್ನು ಕಬ್ಬಿಗೆಂದು ಸಮ ಮಾಡಿದ್ದರು. ನಕಾಶೆಯ ಅಳತೆ ಅದಕ್ಕೂ ಮೊದಲಿನದು.

ಚಿಗವ್ವ ಎಮ್ಮೆಗಳ ಹಗ್ಗ ಬಿಟ್ಟು, ಒಂದರ ಬಾಲವನ್ನು ನನ್ನ ಕೈಗೆ ತುರುಕಿ, "ಬಿಟ್ಟಿ ಅಂದ್ರ ಕೊಂದೇನು!" ಎಂದು ಚೀರಿದಳು. ಬೋಟಿನವರು ನಮ್ಮನ್ನು ಮೇಲೆಳೆದುಕೊಂಡಾಗ ಎರಡೇ ಎಮ್ಮೆ ಈಸುತ್ತಿದ್ದವು. ಗಬ್ಬಾದ ಎಮ್ಮೆ ಇರಲಿಲ್ಲ.

ಈಗಲೂ ಸಪಾಟು ರಸ್ತೆಯಲ್ಲಿ ನನ್ನ ಪಾದಗಳು ಏರು ಹುಡುಕುತ್ತವೆ. ಚಿಗವ್ವ ಆ ದಿನದ ಮಾತನ್ನು ಎಂದೂ ಎತ್ತಲಿಲ್ಲ. ಎತ್ತುವ ಧೈರ್ಯ ನನಗೂ ಇರಲಿಲ್ಲ. ಇವತ್ತು ನಕಾಶೆ ಹಿಡಿದುಕೊಂಡು ಹೋಗಿ, ದಿಬ್ಬ ಇದ್ದದ್ದು ಕಾಗದದ ಮೇಲೆ ಮಾತ್ರ, ತಪ್ಪು ನನ್ನದು ಎಂದೆ.

ಹಾಲು ಹಿಂಡುತ್ತಿದ್ದವಳು ಕೈ ನಿಲ್ಲಿಸಲಿಲ್ಲ. "ದಿಬ್ಬ ಇಲ್ಲಂತ ನನಗ ಗೊತ್ತಿತ್ತ. ಟ್ರ್ಯಾಕ್ಟರ್‌ನ್ಯಾಗ ಮಣ್ಣ ಹೇರೂದು ಕಣ್ಣಾರೆ ನೋಡೀನಿ."

"ಮತ್ಯಾಕ ಬಂದಿ ಬೇ?"

"ಓದಿದಾಕಿ ಹೇಳಾಕತ್ತಾಳ, ನನಗ ಕಾಣಲಾರದ್ದು ಏನೋ ಅಕಿಗಿ ಕಂಡೈತಿ ಅಂದ್ಕೊಂಡ್ನಿ."

ದನಿಯಲ್ಲಿ ಸಿಟ್ಟಿರಲಿಲ್ಲ. ನೀರಿನಲ್ಲಿದ್ದಾಗಲೂ ನಾನು ಅಷ್ಟು ಹೆದರಿರಲಿಲ್ಲ.

ಹಾಲಿನ ಚರಿಗೆಯನ್ನು ಒಳಗಿಟ್ಟು ಬಂದು ಅವಳು ಕೇಳಿದಳು: "ಮ್ಯಾಲ ಘಟ್ಟದಾಗ ಮಳಿ ಜೋರೈತಂತ, ಹೊಳಿ ಮತ್ತ ಏರಾಕತ್ತೈತಿ. ಎಮ್ಮಿ ಎಲ್ಲಿ ಒಯ್ಯೂಣು, ಹೇಳ."

ನಕಾಶೆ ಕಂಕುಳಲ್ಲೇ ಇತ್ತು. ಬಿಚ್ಚಲಿಲ್ಲ.

"ನೀ ಮುಂದ ನಡಿ ಚಿಗವ್ವ, ನೆಲ ನೀನ ತೋರಸು" ಎಂದು ಅವಳ ಹಿಂದೆ ಹೊರಟೆ.