ಕಾಫಿ ಕಲೆ ಅಂದರು

ಕಾರ್ಪೆಟ್ಟಿನ ಮೇಲೆ ಕಾಫಿ ಚೆಲ್ಲಿದರೆ ಉಜ್ಜಬಾರದು. ಉಜ್ಜುವವರು ದಡ್ಡರು. ಒಣ ಬಟ್ಟೆ ಇಟ್ಟು ಅಂಗೈಯಿಂದ ಒತ್ತಬೇಕು, ಬಟ್ಟೆ ಹೀರಿಕೊಳ್ಳುತ್ತದೆ. ಆಮೇಲೆ ತಣ್ಣೀರು, ಮತ್ತೆ ಒಣ ಬಟ್ಟೆ. ಹಾಲು ಹಾಕಿದ ಕಾಫಿಯಾದರೆ ಜಿಡ್ಡು ಇರುತ್ತದೆ, ಅದಕ್ಕೆ ಕೊನೆಯಲ್ಲಿ ಒಂದಿಷ್ಟು ಸೋಪು. ಎಣ್ಣೆ ಬಿದ್ದರೆ ಮೇಲೆ ಮುಖದ ಪೌಡರು ಸುರಿದು, ಮರುದಿನ ಗುಡಿಸಬೇಕು. ರಕ್ತಕ್ಕೆ ಉಪ್ಪುನೀರು. ಬಿಸಿನೀರು ಮುಟ್ಟಿಸಿದರೆ ಕೆಟ್ಟಿತು, ಅದು ಅಲ್ಲೇ ಕೂತುಬಿಡುತ್ತದೆ. ಮೇಣ ಬಿದ್ದರೆ ಐಸು ಇಟ್ಟು ಗಟ್ಟಿ ಮಾಡಿ ಕೀಳಬೇಕು. ಇದನ್ನೆಲ್ಲ ನಾನು ಶಾಲೆಯಲ್ಲಿ ಕಲಿಯಲಿಲ್ಲ. ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಇದನ್ನು ಕಲಿತದ್ದು ಕಾಕ್ಸ್ ಟೌನಿನ ಒಂದು ಬಂಗಲೆಯಲ್ಲಿ, ಮನೆಗೆಲಸ ಮಾಡುತ್ತಾ.

ಆ ಬಂಗಲೆಯ ಒಡತಿಯನ್ನು ನಾವು ದೊರೆಸಾನಿ ಅನ್ನುತ್ತಿದ್ದೆವು. ಮಾತಾಡುವುದು ಅರ್ಧ ಕನ್ನಡ ಅರ್ಧ ತಮಿಳು, ಬೈಯುವುದು ಇಂಗ್ಲಿಷು. ಕೋಣೆಗೊಂದು ಕಾರ್ಪೆಟ್ಟು. ಕ್ರಿಸ್‌ಮಸ್ಸಿಗೆ ಮುಂಚೆ ಎಲ್ಲವನ್ನೂ ಹಿತ್ತಲಿನ ಹಗ್ಗದ ಮೇಲೆ ಬೋರಲು ಹಾಕಿ ಕೋಲಿನಿಂದ ಬಡಿಯುವುದು, ಆಮೇಲೆ ಅಂಟುವಾಳಕಾಯಿ ನೊರೆಯಲ್ಲಿ ತೊಳೆಯುವುದು ನನ್ನ ಕೆಲಸ. ಬಂಗಲೆ ಬಿದ್ದು ಫ್ಲಾಟು ಎದ್ದಾಗ ಅವರ ಮಕ್ಕಳು ಸಾಮಾನೆಲ್ಲ ಹಂಚಿಕೊಂಡರು. ಊಟದ ಕೋಣೆಯ ಕಾರ್ಪೆಟ್ಟನ್ನು ಮಾತ್ರ ದೊರೆಸಾನಿ ನನಗೆ ಕೊಟ್ಟರು. ಉಣ್ಣೆಯದು. ಕೆನೆ ಬಣ್ಣ, ಸುತ್ತ ನೀಲಿ ಅಂಚು. "ಬಡ್ದು ಬಡ್ದು ಸವೆಸಿದೋಳು ನೀನು, ನೀನೇ ಇಟ್ಕೋ" ಅಂದರು. ಪುಸ್ತಕದಲ್ಲಿ ಅದಕ್ಕೆ ರತ್ನಗಂಬಳಿ ಅಂತ ಬರೆಯುತ್ತಾರೆ. ನಮ್ಮ ಮನೆಯಲ್ಲಿ ಅದು ಕಾರ್ಪೆಟ್ಟು.

ಹಲಸೂರಿನ ನಮ್ಮ ಮನೆಗೆ ಅದು ದೊಡ್ಡದಾಯಿತು. ಒಂದು ಬದಿ ಮಡಿಸಿ ಹಾಸಿದ್ದೆ. ನನ್ನ ತಂಗಿಯ ಮಗಳು ಅದರ ಮೇಲೆಯೇ ಬೆಳೆದಳು. ತಂಗಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ನನಗೆ ಮಕ್ಕಳಿಲ್ಲ. ಕೂಸನ್ನು ಬೆಳಗ್ಗೆ ತಂದು ಬಿಟ್ಟು, ಸಂಜೆ ಕರೆದೊಯ್ಯುತ್ತಿದ್ದಳು. ಎಷ್ಟೋ ಸಂಜೆ ಕರೆದೊಯ್ಯುತ್ತಲೂ ಇರಲಿಲ್ಲ. ಉಚ್ಚೆ, ಕಕ್ಕಿದ ಹಾಲು, ಇಂಕು, ಮಾವಿನ ರಸ, ದೊಡ್ಡವಳಾದ ಮೇಲೆ ಉಗುರಿನ ಬಣ್ಣ. ಆ ಹುಡುಗಿ ಅದಕ್ಕೆ ಉಣಿಸದೇ ಇದ್ದದ್ದು ಯಾವುದೂ ಇಲ್ಲ. ಏನಾದರೂ ಚೆಲ್ಲಿದರೆ ನನಗೆ ಕಾಣದಿರಲಿ ಅಂತ ಅದರ ಮೇಲೆಯೇ ಕೂತುಬಿಡುತ್ತಿದ್ದಳು. "ಎದ್ದೇಳೇ ಕಳ್ಳಿ" ಅಂದರೆ ನಗುತ್ತಿದ್ದಳು. ಲಂಗವೂ ತೊಳೆಯಬೇಕು, ಕಾರ್ಪೆಟ್ಟೂ ತೊಳೆಯಬೇಕು. ತೊಳೆದೆ.

ಹೋದ ಚಳಿಗಾಲದಲ್ಲಿ ತಂಗಿ ಫೋನು ಮಾಡಿದಳು. ಈಗ ಅವರಿರುವುದು ಮಹದೇವಪುರದ ಒಂದು ಅಪಾರ್ಟ್‌ಮೆಂಟಿನಲ್ಲಿ.

"ಅಕ್ಕ, ಭಾನುವಾರ ಮನೇಲಿ ಭಜನೆ ಇಟ್ಕೊಂಡಿದ್ದೀವಿ. ಟೈಲ್ಸು ಒಳ್ಳೇ ಐಸ್ ಇದ್ದಂಗಿರತ್ತೆ. ನಿನ್ ಕಾರ್ಪೆಟ್ ಕೊಡ್ತೀಯಾ?"

"ನಿಂಗ್ಯಾವಾಗಿಂದ ಹತ್ಕೊಳ್ತೇ ಭಜನೆ ಹುಚ್ಚು?"

"ಇಲ್ಲಿ ಎಲ್ರೂ ಮಾಡ್ತಾರಕ್ಕ, ಒಂದೊಂದ್ ವಾರ ಒಬ್ಬೊಬ್ಬರ ಮನೇಲಿ. ನೀನ್ ಬಂದ್ರೂ ನಿಂಗೆ ಬೇಜಾರಾಗತ್ತೆ ಬಿಡು."

ಭಜನೆ ನನಗೆ ಆಗದು. ಅದು ಅವಳಿಗೆ ಗೊತ್ತು. ನಾನೂ ಬರುತ್ತೇನೆ ಅನ್ನಲಿಲ್ಲ. ಶನಿವಾರ ಅವಳ ಗಂಡ ಬಂದು ಕಾರ್ಪೆಟ್ಟು ಹೊತ್ತುಕೊಂಡು ಹೋದ.

ವಾಪಸು ತಂದವಳು ಹುಡುಗಿ. ಆಟೋದವನು ಒಂದು ತುದಿ ಹಿಡಿದು ಇಳಿಸುತ್ತಾ, "ಏನಜ್ಜೀ ಇದು, ಒಳ್ಳೇ ಹೆಣ ಇದ್ದಂಗೈತೆ ಭಾರ" ಅಂದ. "ನಿನ್ ಆಟೋಗಿಂತ ಗಟ್ಟಿ ಐತೆ, ಮೆಲ್ಲಗಿಡು" ಅಂದೆ. ಅವನು ಹೋದ ಮೇಲೆ ಹುಡುಗಿ ಸುತ್ತಿದ ಕಾರ್ಪೆಟ್ಟಿನ ಮೇಲೆ ಕುದುರೆ ಹತ್ತಿದ ಹಾಗೆ ಕೂತಳು.

"ದೊಡ್ಡಮ್ಮ, ಬೈಬೇಡ. ಒಂಚೂರು ಕಾಫಿ ಚೆಲ್ಲೋಯ್ತು."

"ಯಾರು ಚೆಲ್ಲಿದ್ದು?"

"ಯಾರೋ ಭಜನೆ ಆಂಟಿ. ಕೈ ನಡುಗತ್ತೆ ಅವರಿಗೆ, ಪಾಪ."

"ಕೈ ನಡುಗೋರು ಲೋಟ ಕೆಳಗಿಟ್ಕೊಂಡು ಕುಡೀಬೇಕು."

ನಕ್ಕಳು. ಕೆನ್ನೆಗೆ ಮುತ್ತು ಕೊಟ್ಟಳು. ಆಫೀಸಿಗೆ ಹೊತ್ತಾಯಿತು ಅಂತ ಹೊರಟೇಹೋದಳು. ನಾನು ಕಾಫಿ ಮಾಡುತ್ತೇನೆ ಅಂದರೂ ನಿಲ್ಲಲಿಲ್ಲ.

ಪಕ್ಕದ ಮನೆಯವನನ್ನು ಕರೆದು ತಾರಸಿಗೆ ಹೊರಿಸಿದೆ. ಮೋಟುಗೋಡೆಯ ಮೇಲೆ ಬೋರಲು ಹಾಕಿ ಬಡಿದೆ. ಕಾರ್ಪೆಟ್ಟು ಬಡಿದರೆ ಮನೆಯ ಸಂಗತಿಯೆಲ್ಲ ಉದುರುತ್ತದೆ, ಬಂಗಲೆಯಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ಈ ಸಲ ಉದುರಿದ್ದು ಹಳದಿ ಅಕ್ಕಿ. ಅಕ್ಷತೆ. ಜೊತೆಗೆ ಅಡಿಕೆ ಚೂರು, ಜರಿಯ ಒಂದು ಎಳೆ. ಭಜನೆಗೆ ಬಂದವರು ದೇವರಿಗೆ ಅಕ್ಷತೆ ಹಾಕಿದ್ದಾರು ಅಂದುಕೊಂಡೆ.

ಕಲೆ ನಡುವಿನಲ್ಲೇ ಇತ್ತು. ತಟ್ಟೆಯಗಲ, ಪಕ್ಕದಲ್ಲಿ ಸಿಡಿದ ಹನಿಗಳು. ಒಣಗಿ ಮಂಕು ಕಂದು ಬಣ್ಣಕ್ಕೆ ತಿರುಗಿತ್ತು. ನೋಡಿದರೆ ಕಾಫಿ ಅನ್ನಬಹುದು. ಮೂಸಿದೆ, ಕಾಫಿಯ ವಾಸನೆ ಇಲ್ಲ, ಕೆಟ್ಟ ಹಾಲಿನ ವಾಸನೆಯೂ ಇಲ್ಲ. ತಣ್ಣೀರು ಹಾಕಿ ಒತ್ತಿದೆ, ಬಟ್ಟೆಗೆ ಹಳದಿ ಬಂತು. ಜಿಡ್ಡಿಗಾಗಿ ಬಟ್ಟೆ ಸೋಪಿನ ತುಂಡು ಮುಟ್ಟಿಸಿದೆ. ಮುಟ್ಟಿಸಿದ್ದೇ ತಡ, ಕಲೆ ಕೆಂಪಗಾಗಿ ಎದ್ದು ನಿಂತಿತು, ಕುಂಕುಮ ಕಲಸಿದ ಹಾಗೆ.

ಕಾಫಿಗೆ ಈ ನಾಟಕ ಬರುವುದಿಲ್ಲ. ಇದು ಅರಿಶಿನದ ಬುದ್ಧಿ. ಸೋಪು ಕಂಡರೆ ಕೆಂಪಾಗುತ್ತದೆ, ನಿಂಬೆಹಣ್ಣು ಹಿಂಡಿದರೆ ಹಳದಿಗೆ ಮರಳುತ್ತದೆ. ಕೆಳಗಿಳಿದು ಅರ್ಧ ನಿಂಬೆಹಣ್ಣು ತಂದು ಒಂದು ಮೂಲೆಗೆ ಹಿಂಡಿದೆ. ಹಳದಿಯಾಯಿತು. ಸಾರು ಚೆಲ್ಲಿದ್ದರೆ ಎಣ್ಣೆ ಇರಬೇಕು, ಸಾಸಿವೆ ಸಿಗಬೇಕು. ಏನೂ ಇಲ್ಲ. ಬೆರಳಿನಿಂದ ಎಳೆ ಬಿಡಿಸಿ ನೋಡಿದೆ. ಬುಡದಲ್ಲಿ ಬಿಳಿ ಪುಡಿ, ಸುಣ್ಣ.

ಅರಿಶಿನಕ್ಕೆ ಸುಣ್ಣ ಕಲಸಿ ಕೆಂಪು ನೀರು ಮಾಡುವುದು ಒಂದಕ್ಕೇ, ಆರತಿಗೆ. ಆ ಆರತಿಯನ್ನು ದೇವರ ಪಟಕ್ಕೆ ಎತ್ತುವುದಿಲ್ಲ, ಭಜನೆಯಲ್ಲಿ ಎತ್ತುವುದಿಲ್ಲ. ಮನುಷ್ಯರನ್ನು ಕೂರಿಸಿ ಎತ್ತುತ್ತಾರೆ. ಮದುಮಗಳಿಗೆ, ಬಸುರಿಗೆ, ಬಾಣಂತಿಗೆ. ಆ ಮನೆಯಲ್ಲಿ ಕೂರಿಸಿ ಆರತಿ ಎತ್ತುವಂಥವರು ಒಬ್ಬರೇ ಇರುವುದು.

ಹುಡುಗಿಗೆ ನಿಶ್ಚಿತಾರ್ಥ ಆಗಿದೆ. ನನ್ನ ಕಾರ್ಪೆಟ್ಟಿನ ಮೇಲೆ ಆಗಿದೆ. ಕಾರ್ಪೆಟ್ಟನ್ನು ಕರೆದರು, ನನ್ನನ್ನು ಕರೆಯಲಿಲ್ಲ.

ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತೆ. ಅಳು ಬರಲಿಲ್ಲ, ಸಿಟ್ಟು ಬಂತು. ತಂಗಿ ಮುಚ್ಚಿಟ್ಟಳು ಅಂತ ಅಲ್ಲ, ತಂಗಿ ಚಿಕ್ಕಂದಿನಿಂದ ಮುಚ್ಚಿಡುವವಳೇ. ಕಾಫಿ ಅಂದವಳು ಹುಡುಗಿ. ಕೈ ನಡುಗುವ ಆಂಟಿಯನ್ನು ಹುಟ್ಟಿಸಿ, ಅದಕ್ಕೆ ಪಾಪ ಅಂತ ಸೇರಿಸಿ, ಮುತ್ತು ಕೊಟ್ಟು ಹೋದವಳು ಅವಳು.

ಕಲೆಯನ್ನು ಅಷ್ಟಕ್ಕೇ ಬಿಟ್ಟೆ. ಅರ್ಧ ಕೆಂಪು, ಅರ್ಧ ಹಳದಿ. ಒಣಗಿದ ಮೇಲೆ ಕೆಳಗೆ ತರಿಸಿ, ಮಡಿಸದೆ ಪೂರ್ತಿ ಹಾಸಿದೆ. ಫೋನು ಮಾಡಲಿಲ್ಲ. ಬರಲಿ ಅಂತ ಕಾದೆ.

ತಂಗಿ ಬಂದಳು, ಮದುವೆಯ ಕಾಗದ, ಅರಿಶಿನ ಕುಂಕುಮದ ಬಟ್ಟಲು ಹಿಡಿದುಕೊಂಡು. ಬಾಗಿಲಲ್ಲೇ ಶುರು ಮಾಡಿದಳು, ಎಲ್ಲ ಗಡಿಬಿಡಿಯಲ್ಲಿ ಕೂಡಿ ಬಂತು, ಹುಡುಗ ಒಳ್ಳೆಯವನು, ಇಂದಿರಾನಗರದಲ್ಲಿ ಸ್ವಂತ ಮನೆ. ಕೂರು ಅಂತ ಕಾರ್ಪೆಟ್ಟು ತೋರಿಸಿದೆ. ಕಲೆಯ ಎದುರಿಗೇ ಕೂತಳು.

"ಅಯ್ಯೋ, ಕಾಫಿ ಕಲೆ ಇನ್ನೂ ಹೋಗಿಲ್ವಾ ಅಕ್ಕ?"

"ಕಾಫಿಯಾಗಿದ್ರೆ ಹೋಗಿರೋದು."

ಅವಳು ಕಲೆ ನೋಡಿದಳು. ನನ್ನನ್ನು ನೋಡಿದಳು. ಬಟ್ಟಲನ್ನು ಮಡಿಲಿಗೆ ಎಳೆದುಕೊಂಡಳು.

"ಆರತಿ ಎತ್ತಿದ್ಯಾರೇ?" ಅಂದೆ.

"ನನ್ ನಾದಿನಿ" ಅಂದಳು.

"ತಟ್ಟೆ ಹಿಡ್ಕೊಳಕ್ಕೂ ಬರಲ್ವಾ ಅವಳಿಗೆ? ನನ್ನನ್ನ ಯಾಕೆ ಕರೀಲಿಲ್ಲ? ಮುಂಡೆ ಮುಖ ನೋಡಬಾರದು ಅಂದ್ರಾ ಬೀಗರು? ಹಂಗಂದಿದ್ರೆ ನಾನೇ ಒಳಗೆ ಕೂತಿರ್ತಿದ್ದೆ."

"ಛೆ ಛೆ, ಅವರು ಹಂಗೆಲ್ಲ ನೋಡೋರಲ್ಲಕ್ಕ. ಅವರಜ್ಜೀನೂ ಬಂದಿದ್ರು, ಗಂಡ ಹೋಗಿ ಇಪ್ಪತ್ತು ವರ್ಷ ಆಯ್ತಂತೆ, ಮುಂದೇನೇ ಕೂತಿದ್ರು."

"ಮತ್ತೆ?"

"ನಿನ್ ಬಾಯಿ ಅಕ್ಕ."

ಅಷ್ಟು ಅಂದ ಮೇಲೆ ಅವಳಿಗೆ ಧೈರ್ಯ ಬಂತು.

"ಹೋದ ಸಲ ಏನ್ ಮಾಡಿದೆ? ನೋಡೋಕೆ ಬಂದೋರು ವಯಸ್ಸು ಕೇಳಿದ್ರು, ನಾನು ಇಪ್ಪತ್ತೆಂಟು ಅಂದೆ. ನೀನು ಅಡುಗೆಮನೆಯಿಂದ ಕೂಗ್ದೆ, 'ಲೇ, ಮೂವತ್ತೆರಡು ಕಣೇ, ಆಸ್ಪತ್ರೇಲಿ ನಾನೇ ಇದ್ನಲ್ಲ' ಅಂತ. ಕೊಟ್ಟ ಕಾಫೀನೂ ಕುಡೀದೆ ಎದ್ದೋದ್ರು."

"ಇದ್ದದ್ದು ಹೇಳ್ದೆ. ಮದ್ವೆ ಆದ್ಮೇಲೆ ಗೊತ್ತಾಗಿ ಅವಳನ್ನ ಬೈಯೋದಕ್ಕಿಂತ ಮೊದ್ಲೇ ಎದ್ದೋಗ್ಲಿ ಅಂತ ಹೇಳ್ದೆ."

"ಅವಳೇ ಬೇಡ ಅಂದಿದ್ದು ಅಕ್ಕ. 'ದೊಡ್ಡಮ್ಮ ಬಂದ್ರೆ ನಾನು ರೂಮಿಂದ ಈಚೆಗೇ ಬರಲ್ಲ' ಅಂದ್ಲು."

ಈ ಮಾತು ಬಂದ ಮೇಲೆ ಸಿಟ್ಟೂ ಆರಿಹೋಯಿತು. ಎದ್ದು ಹೋಗಿ ಕಾಫಿ ಮಾಡಿ ತಂದೆ. ತಂಗಿ ಕುಡಿದಳು. ಕುಡಿದು, ಲೋಟ ಕೆಳಗಿಟ್ಟು, ಬಂದ ಇನ್ನೊಂದು ಕೆಲಸ ಹೇಳಿದಳು. ಛತ್ರದಲ್ಲಿ ಬೀಗರಿಗೆ ಕೊಟ್ಟ ರೂಮಿನಲ್ಲಿ ಹಾಸಲು ಕಾರ್ಪೆಟ್ಟು ಬೇಕು. ಹುಡುಗನ ತಾಯಿ ಅವತ್ತೇ ಅದನ್ನು ಮೆಚ್ಚಿ ಕೇಳಿದ್ದರಂತೆ. "ನಮ್ಮತ್ತೆ ಕಾಲದ್ದು ಅಂತ ಬಾಯಿಗೆ ಬಂದ್ಬಿಡ್ತಕ್ಕ. ಈಗ ಇಲ್ಲ ಅಂದ್ರೆ ಚೆನ್ನಾಗಿರಲ್ಲ."

ಇವಳ ಅತ್ತೆ ಇಡೀ ಜನ್ಮ ಚಾಪೆಯ ಮೇಲೆ ಮಲಗಿದವಳು.

"ತರ್ತೀನಿ. ನಾನೇ ತರ್ತೀನಿ, ಹೋಗ್ವಾಗ ನಾನೇ ತಗೊಂಡೋಗ್ತೀನಿ."

"ನೀನ್ ಬಂದು, ಅಲ್ಲೇನಾದ್ರೂ..." ಅಂದಳು.

"ಬಾಯ್ ಬಿಡಲ್ಲ, ಹೋಗು."

ಕೊಳೆ ಕಾರ್ಪೆಟ್ಟು ಹೊತ್ತು ನಾಲ್ಕು ಜನರ ಮುಂದೆ ಹೋಗುವವಳು ನಾನಲ್ಲ. ಮತ್ತೆ ತಾರಸಿಗೆ ಹಾಕಿಸಿ, ನಿಂಬೆಹಣ್ಣು ಹಿಂಡಿ, ಅಂಟುವಾಳದ ನೊರೆಯಲ್ಲಿ ಒತ್ತಿ, ಮೆಟ್ರೋ ಓಡಾಡುವ ಕಡೆಯ ಗೋಡೆಯ ಮೇಲೆ ಬಿಸಿಲಿಗೆ ಬಿಟ್ಟೆ. ಅರಿಶಿನ ಸೋಪಿಗೆ ಹೆದರುವುದಿಲ್ಲ, ಬಿಸಿಲಿಗೆ ನಿಲ್ಲುವುದಿಲ್ಲ. ನಾಲ್ಕೈದು ಬಿಸಿಲಿಗೆ ಎಲ್ಲಿತ್ತು ಅಂತ ನನಗೇ ತಿಳಿಯದ ಹಾಗಾಯಿತು.

ಛತ್ರ ಕೆ.ಆರ್. ಪುರದಲ್ಲಿ. ಬೆಳಗ್ಗೆಯೇ ಆಟೋದಲ್ಲಿ ಹೋಗಿ, ಬೀಗರ ರೂಮಿನಲ್ಲಿ ನಾನೇ ಹಾಸಿ, ನಾನೇ ಅದರ ಒಂದು ಮೂಲೆಯಲ್ಲಿ ಕೂತೆ. ಹುಡುಗನ ತಾಯಿ ಕಾಫಿ ಲೋಟ ಹಿಡಿದು ಬಂದು ಪಕ್ಕದಲ್ಲೇ ಕೂತರು. ದಪ್ಪ ಹೆಂಗಸು, ನಗುಮುಖ. ನನಗೆ ಹಿಡಿಸಿದರು, ಅದೇ ಕಷ್ಟವಾಯಿತು.

"ನೀವು ಹೆಣ್ಣಿನ ಕಡೆಯೋರಾ?"

ತಂಗಿ ಬಾಗಿಲಲ್ಲಿ ಹೂವಿನ ತಟ್ಟೆ ಹಿಡಿದು ನಿಂತಿದ್ದಳು. ಅವಳ ಹಿಂದೆ ಮದುಮಗಳು, ಸೀರೆ ನೆರಿಗೆ ಎತ್ತಿಕೊಂಡು. ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ನಾನು ಕಾರ್ಪೆಟ್ಟಿನ ಕಡೆಯೋಳು ಕಣ್ರೀ" ಅಂದೆ.

ಅವರು ಗೊಳ್ಳೆಂದು ನಕ್ಕರು, ಲೋಟ ಅಲುಗಿ ಕಾಫಿ ಕಾರ್ಪೆಟ್ಟಿಗೆ ಚೆಲ್ಲಿತು. "ಅಯ್ಯಯ್ಯೋ, ಅತ್ತೆ ಕಾಲದ್ದಂತೆ ಇದು!" ಅಂತ ಸೆರಗಿನಿಂದ ಉಜ್ಜಲು ಹೋದರು. ಕೈ ಹಿಡಿದೆ. "ಉಜ್ಜಬೇಡಿ" ಅಂದೆ. ಒಣ ಟವೆಲು ಇಟ್ಟು ಒತ್ತುತ್ತಾ ಕೂತೆ. ಅವರು ಪಕ್ಕದಲ್ಲಿ ಹಾಗೇ ಮಾತು ಎಳೆದರು. "ಹುಡುಗಿ ಎಷ್ಟು ಚಿಕ್ಕೋಳಾಗಿ ಕಾಣ್ತಾಳಲ್ವಾ? ಇಪ್ಪತ್ತೆಂಟು ಅಂತಾರೆ, ಅಷ್ಟೂ ಕಾಣಲ್ಲ."

"ನಂಗೆ ಗೊತ್ತಿಲ್ಲ. ಅವರಮ್ಮನ್ನ ಕೇಳಿ."

ನನ್ನ ಮಗಳಾಗಿದ್ದರೆ ಹೇಳುತ್ತಿದ್ದೆ.

ಬಾಗಿಲಿನಿಂದ ತಂಗಿ ಉಸಿರು ಬಿಟ್ಟದ್ದು ಕೇಳಿಸಿತು. ಹುಡುಗಿ ಮಾತ್ರ ಅಲ್ಲೇ ನಿಂತಿದ್ದಳು. "ದೊಡ್ಡಮ್ಮ" ಅಂದಳು, ಮೆಲ್ಲಗೆ. ಹುಡುಗನ ತಾಯಿ ತಿರುಗಿ, ಯಾರನ್ನು ಕರೆದದ್ದು ಅಂತ ರೂಮಿನಲ್ಲೆಲ್ಲ ಹುಡುಕಿದರು. ನಾನು ತಲೆ ಎತ್ತದೆ ಟವೆಲಿನ ಮಡಿಕೆ ಬದಲಾಯಿಸಿ ಮತ್ತೆ ಒತ್ತಿದೆ. ಹೊರಗೆ ಓಲಗ ಜೋರಾಯಿತು, ಯಾರೋ ಬಂದು ಅವಳನ್ನು ಕರೆದುಕೊಂಡು ಹೋದರು.

ತಾಳಿ ಕಟ್ಟುವಾಗ ಎಲ್ಲರ ಹಿಂದೆ ನಿಂತು ಅಕ್ಷತೆ ಹಾಕಿದೆ. ಊಟಕ್ಕೆ ನಿಲ್ಲಲಿಲ್ಲ. ಕಾರ್ಪೆಟ್ಟು ಸುತ್ತಿಸಿಕೊಂಡು ಆಟೋ ಹತ್ತಿದೆ.

ಮನೆಗೆ ಬಂದು ನೋಡಿದರೆ ಕಾಫಿ ಬಿದ್ದ ಜಾಗದಲ್ಲಿ ಚೂರು ಕಂದು ಉಳಿದಿತ್ತು. ತಣ್ಣೀರಿಗೇ ಹೋಯಿತು, ಸೋಪೂ ಬೇಕಾಗಲಿಲ್ಲ.