ಒಂದೇ ಚುಚ್ಚಿನ ಅಕ್ಕ

ಆಸ್ಪತ್ರೆಯ ರಕ್ತ ತೆಗೆಯುವ ಕೋಣೆಯಲ್ಲಿ ಎರಡು ಕುರ್ಚಿ. ಬಾಗಿಲ ಬಳಿ ರಕ್ತ ತೆಗೆಯುವವಳು ಹೊಸ ಹುಡುಗಿ, ಕಿಟಕಿ ಬಳಿ ‘ಒಂದೇ ಚುಚ್ಚಿನ ಅಕ್ಕ’. ಹುಡುಗಿಯ ಕುರ್ಚಿ ಖಾಲಿಯಿದ್ದರೂ ಜನ ಅಕ್ಕನಿಗೇ ಕಾಯುತ್ತಿದ್ದರು. ಎಂಥ ಅಡಗಿದ ನರವಾದರೂ ಅವಳ ಬೆರಳಿಗೆ ಸಿಕ್ಕೇಬಿಡುತ್ತಿತ್ತು. ಆ ಅಡ್ಡಹೆಸರೆಂದರೆ ಅವಳಿಗೆ ಪ್ರಾಣ. "ನನಗೆ ಮಾತ್ರ ದಿನಕ್ಕೆ ನೂರು ಸಲ ಚುಚ್ತಾಳೆ" ಎಂದು ಗಂಡ ರೇಗಿಸಿದರೂ ಒಳಗೊಳಗೇ ಉಬ್ಬುತ್ತಿದ್ದಳು.

ಮೊನ್ನೆ ಒಬ್ಬ ಬಸ್ ಡ್ರೈವರ್ ಬಂದ. ಕಂಬದಂಥ ಆಳು, ಸೂಜಿ ಕಂಡರೆ ಮಾತ್ರ ಬೆವರು. ಅಕ್ಕ ಅವನನ್ನು ನಗಿಸುತ್ತಲೇ ರಕ್ತ ತೆಗೆದಳು. ಮಾತಿನ ಭರದಲ್ಲಿ ನೇರಳೆ ಮುಚ್ಚಳದ ಕೊಳವೆಯನ್ನು ಮೆಲ್ಲಗೆ ಮೇಲೆಕೆಳಗೆ ಮಾಡಿ ರಕ್ತ ಹೆಪ್ಪುಗಟ್ಟದಂತೆ ಒಳಗಿರುವ ಔಷಧಿ ಬೆರೆಸುವುದನ್ನೇ ಮರೆತಳು. ಸಂಜೆ ಲ್ಯಾಬಿನವರು ಬೈದರು: ರಕ್ತ ಹೆಪ್ಪುಗಟ್ಟಿದೆ, ಮತ್ತೆ ಕರೆಸು.

ಮರೆತೆ ಅನ್ನುವುದಕ್ಕೆ ಬಾಯಿ ಬರಬೇಕಲ್ಲ! "ಡಾಕ್ಟರು ನಿಮ್ಮ ರಕ್ತ ಇನ್ನೊಂದ್ಸಲ ನೋಡ್ಬೇಕಂದ್ರು, ನಾಳೆ ಬಂದ್ಬಿಡಿ" ಎಂದು ಫೋನಿನಲ್ಲಿ ಹೇಳಿದಳು. ಈ ಕಸುಬಿನವರ ಬಾಯಲ್ಲಿ ಸದಾ ಸಿದ್ಧವಾಗಿರುವ ಸುಳ್ಳು ಅದು. ಯಾರಿಗೇನು ನಷ್ಟ ಅಂದುಕೊಂಡು ಮನೆಗೆ ಹೋಗಿ ಹಾಯಾಗಿ ಉಂಡು ಮಲಗಿದಳು, ಮಹಾತಾಯಿ.

ಮರುದಿನ ಡ್ರೈವರ್ ಹೆಂಡತಿಯ ಭುಜ ಹಿಡಿದುಕೊಂಡು ಬಂದ. ಮುಖ ಸುಣ್ಣವಾಗಿತ್ತು. ಹೆಂಡತಿಯ ಕಣ್ಣು ಅತ್ತೂ ಅತ್ತೂ ಊದಿತ್ತು.

"ಅಕ್ಕಾ, ನಿಮ್ಮ ಕಾಲಿಗೆ ಬೀಳ್ತೀನಿ, ನಿಜ ಹೇಳ್ಬಿಡಿ" ಎಂದು ಅವಳು ಅಕ್ಕನ ಕೈ ಹಿಡಿದಳು. "ರಕ್ತದಲ್ಲಿ ಏನ್ ಸಿಕ್ತು? ರಾತ್ರಿ ಇವರು ಮಕ್ಕಳನ್ನ ಕೂರಿಸ್ಕೊಂಡು, ನಾನಿಲ್ದಿದ್ರೂ ಅಮ್ಮನ್ನ ಚೆನ್ನಾಗಿ ನೋಡ್ಕೊಳ್ಳಿ ಅಂದ್ರು."

ಅಕ್ಕನಿಗೆ ನಾಚಿಕೆಯಿಂದ ಕಿವಿ ಸುಟ್ಟಂತಾಯಿತು. ಥೂ, ಒಂದು ಹೆಸರು ಉಳಿಸಿಕೊಳ್ಳಲು ಈ ಮಕ್ಕಳ ನಿದ್ದೆ ಕೆಡಿಸಿದೆನಲ್ಲ! ಆದರೂ ಬೆಂಚಿನ ತುಂಬ ಜನ. ಬಗ್ಗಿ, ಅವಳ ಕಿವಿಯಲ್ಲಷ್ಟೇ ಪಿಸುಗುಟ್ಟಿದಳು:

"ಏನೂ ಸಿಕ್ಕಿಲ್ಲಮ್ಮ. ರಕ್ತ ಇನ್ನೂ ನೋಡೇ ಇಲ್ಲ. ತಪ್ಪು ನಂದು, ನಾನೇ ಕೆಡಿಸ್ದೆ. ಡಾಕ್ಟರು ಏನೂ ಹೇಳಿರ್ಲಿಲ್ಲ."

"ರೀ! ಏನೂ ಸಿಕ್ಕಿಲ್ವಂತೆ ರೀ! ಇವರೇ ಕೆಡಿಸಿದ್ದಂತೆ! ಡಾಕ್ಟರು ಹೇಳಿದ್ರು ಅಂದಿದ್ದೇ ಸುಳ್ಳಂತೆ!"

ಖುಷಿಗೆ ಆ ಪುಣ್ಯಾತ್ಗಿತ್ತಿ ಕೂಗಿದ್ದು ಕಾರಿಡಾರಿನ ಕೊನೆಗೂ ಕೇಳಿಸಿತು. ಬೆಂಚಿನಿಂದ ಒಬ್ಬ ಎದ್ದು ಹುಡುಗಿಯ ಕುರ್ಚಿಗೆ ಹೋದ. ಅವನ ಹಿಂದೆ ಇನ್ನೊಬ್ಬಳು.

ಡ್ರೈವರ್ ಬೈಯಲಿಲ್ಲ. ಬೈದಿದ್ದರಾದರೂ ಮನಸ್ಸು ಹಗುರಾಗುತ್ತಿತ್ತು. ಕೂತು ಇನ್ನೊಂದು ಕೈಯ ಅಂಗಿತೋಳು ಮಡಿಸಿದ. ಸೂಜಿ ಒಂದೇ ಸಲಕ್ಕೆ ಹೋಯಿತು. ಕೊಳವೆ ತುಂಬಿದ ಮೇಲೆ ಅಕ್ಕ ಅದನ್ನು ಮೇಲೆಕೆಳಗೆ ಮಾಡುತ್ತಲೇ ಇದ್ದಳು, ನಿಲ್ಲಿಸಲೇ ಇಲ್ಲ.

"ನಿಮ್ಮ ಕೈ ನಡುಗ್ತಿದೆಯಲ್ಲಕ್ಕ" ಎಂದ ಅವನು ಮೆಲ್ಲಗೆ. "ನಿನ್ನೆ ನಿಮ್ಮ ಫೋನ್ ಬಂದ್ಮೇಲೆ ಸ್ಟೀರಿಂಗ್ ಮೇಲೆ ನಂದೂ ಹೀಗೇ ನಡುಗ್ತಿತ್ತು. ಬಸ್ ತುಂಬ ಜನ ಇದ್ರು."